ಮಳೆಯಲ್ಲಿ ಒಣಗಿದ ಮೀನು

ಮಂಜುನಾಥ ಸರ್ ಸೂಟ್‌ಕೇಸನ್ನು ಮನೆಗೆ ಒಯ್ಯದೆ ವಿಮಾನ ನಿಲ್ದಾಣದಿಂದ ನೇರವಾಗಿ ಆಫೀಸಿಗೇ ತಂದಿದ್ದರು. ನನ್ನ ಮೇಜಿನ ಪಕ್ಕದಲ್ಲಿ ಅದನ್ನು ಮಲಗಿಸಿ, ಜಿಪ್ ಎಳೆದು, ಮುಖ ಆಚೆ ತಿರುಗಿಸಿಕೊಂಡು, ಎರಡೇ ಬೆರಳಿನಲ್ಲಿ ಒಂದು ಪೊಟ್ಟಣವನ್ನು ಎತ್ತಿ ನನ್ನ ಕೀಬೋರ್ಡಿನ ಮೇಲೆ ಇಟ್ಟರು.

"ತಗೋರಿ ಮೇಡಂ, ನಿಮ್ಮ ಸಂಶೋಧನೆ. ನಮ್ಮ ಮನ್ಯಾಗ ಮೊಟ್ಟಿ ಸೈತ ಒಳಗ ಬರಂಗಿಲ್ಲ. ಈಗ ನೋಡ್ರಿ, ನನ್ನ ಅಂಗಿ, ನನ್ನ ಟವೆಲ್ಲು, ವಿಭೂತಿ ಡಬ್ಬಿ ಸೈತ ಮೀನದ ವಾಸನಿ ಹೊಡ್ಯಾಕತ್ತಾವ. ಈ ಪೆಟ್ಟಿಗಿ ಹಿಡಕೊಂಡು ಮನಿಗೆ ಹೋದ್ರ ನಮ್ಮಾಕಿ ನನ್ನೂ ಹೊರಗ ನಿಲ್ಲಸ್ತಾಳ."

ಹುಬ್ಬಳ್ಳಿಯ ಮಂಜುನಾಥ ಸರ್ ನಮ್ಮ ಸಂಸ್ಥೆಯ ಲೆಕ್ಕಪತ್ರದ ಮುಖ್ಯಸ್ಥರು. ನಾವು ಹಣ ಕೊಟ್ಟ ಕೆಲಸ ಹೇಗೆ ನಡೆದಿದೆ ಎಂದು ನೋಡಲು ಟಾಂಜಾನಿಯಾದ ಕರಾವಳಿಗೆ ಹೋಗಿದ್ದರು. ಬೈಯುತ್ತಲೇ ಇದ್ದರು, ಆದರೆ ಅಷ್ಟು ದೂರದಿಂದ ಆ ಪೊಟ್ಟಣವನ್ನು ಒಂದು ಮೂಲೆಯೂ ಮುದುಡದಂತೆ ತಂದಿದ್ದರು. ಮೇಲಿನ ಪ್ಲಾಸ್ಟಿಕ್ ಬಿಚ್ಚುವ ಮೊದಲೇ ವಾಸನೆ ನನ್ನನ್ನು ಹಿಡಿಯಿತು. ಉಪ್ಪು, ಬಿಸಿಲು, ಸಮುದ್ರ. ಎ.ಸಿ. ಹಾಕಿದ ಆ ಕೋಣೆಯಲ್ಲಿ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ನನಗೋ ಕಣ್ಣು ತುಂಬಿ ಬಂತು.

ಕಳೆದ ವರ್ಷದ ರಂಜಾನ್ ತಿಂಗಳು ಇಡಿಯಾಗಿ ಆ ಪೊಟ್ಟಣದೊಳಗೆ ಇತ್ತು.

ನಾನು ಕೆಲಸ ಮಾಡುವುದು ಬಹ್ರೈನಿನ ಒಂದು ವ್ಯಾಪಾರಿ ಕುಟುಂಬದ ದತ್ತಿ ಸಂಸ್ಥೆಯಲ್ಲಿ. ಆಫ್ರಿಕಾದಲ್ಲಿ ನಡೆಯುವ ಅಭಿವೃದ್ಧಿ ಸಂಶೋಧನೆಗಳಿಗೆ ಅದು ನೆರವು ಕೊಡುತ್ತದೆ. ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಬೇರೆ ಯಾರಾದರೂ ಜೊತೆಗಾರರು ಕೊಡಬೇಕು. ಅವರು ಸಿಗದಿದ್ದರೆ ನಮ್ಮ ಅರ್ಧವೂ ಇಲ್ಲ. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಎಂಬುದು ಸಂಸ್ಥೆ ಕಟ್ಟಿದ ಹಿರಿಯರ ಮಾತಂತೆ. ಆ ಎರಡನೆಯ ಕೈಯನ್ನು ಹುಡುಕುವುದೇ ನನ್ನ ಉದ್ಯೋಗ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ದೊಡ್ಡ ಹೆಸರಿನ ಹುದ್ದೆ ಇದೆ, ಬಿಡಿ. ಬಿಡಿಸಿ ಹೇಳಿದರೆ ಬೇಡುವ ಕೆಲಸ.

ದೇವರಿಗೂ ತಮಾಷೆ ಇಷ್ಟ ಅನ್ನಿಸುತ್ತದೆ. ನಮ್ಮ ಅಮ್ಮ ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ನಾಲ್ಕು ಮಕ್ಕಳನ್ನು ಒಂದೇ ಪಾಠ ಹೇಳಿ ಬೆಳೆಸಿದವಳು: ಬೇರೆಯವರ ಮನೆಗೆ ಹೋದರೆ ಏನನ್ನೂ ಕೇಳಬಾರದು, ಅವರಾಗಿ ಕೊಟ್ಟರೂ ಮೊದಲ ಸಲ ಬೇಡ ಅನ್ನಬೇಕು. ನೆರೆಮನೆಯ ಪ್ರೆಸಿಲ್ಲಾ ಬಾಯಿ ಚಕ್ಕುಲಿ ಡಬ್ಬಿ ಮುಂದೆ ಹಿಡಿದರೆ ನಾನು ಎಂಜಲು ನುಂಗಿಕೊಂಡು "ಬೇಡ" ಅನ್ನುತ್ತಿದ್ದೆ. ಅಂಥವಳಿಗೆ ಬಹ್ರೈನಿನ ಗಾಜಿನ ಕಟ್ಟಡಗಳನ್ನು ಹತ್ತಿಳಿದು ಕೇಳುವ ಕೆಲಸ ಸಿಕ್ಕಿತು. ಇಷ್ಟು ವರ್ಷವಾದರೂ ಲಿಫ್ಟಿನ ಬಾಗಿಲು ತೆರೆಯುವಾಗ ನನ್ನ ನಾಲಿಗೆಯ ತುದಿಗೆ ಮೊದಲು ಬರುವುದು ಅದೇ "ಬೇಡ".

ಆ ರಂಜಾನಿಗೆ ಕೆಲವು ತಿಂಗಳ ಮುಂಚೆ ರೆಹೆಮಾ ನಮ್ಮಲ್ಲಿಗೆ ಬಂದಿದ್ದಳು. ಟಾಂಜಾನಿಯಾದ ಕರಾವಳಿಯ ಹುಡುಗಿ, ಮೀನಿನ ಬಗ್ಗೆ ಡಾಕ್ಟರೇಟ್ ಮಾಡಿದವಳು. ತನ್ನ ಸಂಶೋಧನೆಯನ್ನು ರೂಪಿಸಿ, ಜೊತೆಗಾರರು ಸಿಕ್ಕ ಕೂಡಲೇ ಊರಿಗೆ ಮರಳಿ ಶುರು ಮಾಡುವುದೆಂದು ಮಾತಾಗಿತ್ತು. ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಮನೆಯಿರುವ ಕಟ್ಟಡದಲ್ಲೇ ಅವಳಿಗೊಂದು ಕೋಣೆ ಕೊಡಿಸಿದ್ದೆ. ಮೊದಲ ವಾರ ಅವಳು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆದೆ. ಗಂಜಿ, ಒಣ ಸಿಗಡಿ ಚಟ್ನಿ. ನಾಲ್ಕು ಮೇಜು ಆಚೆಯಿಂದ ಅವಳು ಎದ್ದು ಬಂದು, ಕೇಳದೆ, ಬೆರಳಲ್ಲಿ ಚಟ್ನಿ ತೆಗೆದು ಬಾಯಿಗಿಟ್ಟುಕೊಂಡಳು. ಆಮೇಲೆ ತಾನು ಮಾಡಿದ್ದು ಏನೆಂದು ಗೊತ್ತಾಗಿ ನಾಚಿಕೊಂಡಳು. "ನಮ್ಮಮ್ಮನ ಕೈ ಹೀಗೇ ವಾಸನೆ ಬರುತ್ತದೆ" ಎಂದಳು. ಕೇಳದೆ ತೆಗೆದುಕೊಂಡವಳನ್ನು ಕಂಡು ಅಮ್ಮನ ಪಾಠ ಕಲಿತ ನನಗೆ ಹೊಟ್ಟೆಕಿಚ್ಚೇ ಆಯಿತು. ಅಂದಿನಿಂದ ಅವಳು ನನ್ನವಳು.

ಅವಳ ಅಮ್ಮ ಮೀನು ಒಣಗಿಸುವವಳು. ಆ ಊರಿನ ಹೆಂಗಸರೆಲ್ಲ ಅದೇ ಕೆಲಸದವರು. ಕಿರುಮೀನನ್ನು ಉಪ್ಪುನೀರಿನಲ್ಲಿ ಬೇಯಿಸಿ ಮರಳ ಮೇಲೆ, ಚಾಪೆಯ ಮೇಲೆ ಹರಡುತ್ತಾರೆ. ಬಿಸಿಲಿದ್ದರೆ ಸುಖ. ಮಾರ್ಚ್ ಕಳೆಯುತ್ತಿದ್ದಂತೆ ದೊಡ್ಡ ಮಳೆ ಬರುತ್ತದೆ. ಅವರು ಅದನ್ನು ಮಸಿಕಾ ಅನ್ನುತ್ತಾರೆ. ಮೀನೂ ಹೆಚ್ಚು ಸಿಗುತ್ತದೆ, ಮಳೆಯೂ ಹೆಚ್ಚು. ಬೇಯಿಸಿಟ್ಟ ಮೀನು ಕಣ್ಣೆದುರೇ ಹುಳ ಹಿಡಿಯುತ್ತದೆ. "ಒಣಗಿದ ಮೀನು ಮುರಿಯಬೇಕು, ಬಾಗಬಾರದು. ಮಳೆಗಾಲದಲ್ಲಿ ಅಮ್ಮನ ಮೀನು ಬಾಗುತ್ತದೆ" ಎಂದಿದ್ದಳು ರೆಹೆಮಾ. ಮಳೆಯಲ್ಲೂ ಮೀನನ್ನು ಒಣಗಿಸುವ ದಾರಿ ಯಾವುದು ಎಂದು ಆ ಹೆಂಗಸರ ಜೊತೆಗೇ ಕೂತು ವರ್ಷದ ಎರಡೂ ಮಳೆಗಾಲ ನೋಡುವುದು, ಮೀನು ಹರಡಲು ಮೂರು ಬಗೆಯ ಅಟ್ಟಣಿಗೆ ಕಟ್ಟಿ ಹೋಲಿಸುವುದು, ಇಷ್ಟೇ ಅವಳ ಸಂಶೋಧನೆ. ಮಸಿಕಾ ಬರುವ ಮೊದಲು ಬಂದೇ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದಳು. ಅವರು ಅದನ್ನು ನಂಬಿ ಅಟ್ಟಣಿಗೆಗೆ ಕಂಬವನ್ನೂ ಕಡಿದಿಟ್ಟಿದ್ದರು.

ಉಳಿದರ್ಧ ಕೊಡಲು ಯುರೋಪಿನ ಒಂದು ಸಂಸ್ಥೆ ಒಪ್ಪಿತ್ತು. ರಂಜಾನ್‌ಗೆ ವಾರವಿದೆ ಅನ್ನುವಾಗ ಅವರಿಂದ ಮೇಲ್ ಬಂತು. ಅವರ ದೇಶದಲ್ಲೇ ಎಲ್ಲವನ್ನೂ ಕಡಿತ ಮಾಡುತ್ತಿದ್ದಾರೆ, ಕ್ಷಮಿಸಿ, ನಿಮ್ಮ ಕೆಲಸಕ್ಕೆ ಶುಭವಾಗಲಿ. ಎಷ್ಟು ನಯವಾಗಿ ಕತ್ತು ಕೊಯ್ಯುತ್ತಾರೆ ಈ ಜನ!

ಮಂಜುನಾಥ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಸುದ್ದಿ ಕೆಟ್ಟದ್ದು ಎಂದೇ ಲೆಕ್ಕ. "ಈದ್ ರಜಾ ಶುರು ಆಗೂದ್ರಾಗ ಇನ್ನೊಬ್ಬರು ಕೈ ಕೂಡಿಸಬೇಕು ಮೇಡಂ. ಇಲ್ಲಂದ್ರ ಫೈಲ್ ಮುಚ್ಚೂದ. ರೆಹೆಮಾ ಅವರದು ವೀಸಾನೂ ಅದರ ಮ್ಯಾಲೇ ಐತಿ. ನಾ ಏನ್ ಮಾಡ್ಲಿ, ನಿಯಮಾ ನಾ ಬರದಿದ್ದಲ್ಲ."

ಆ ವರ್ಷ ರಂಜಾನ್ ಮತ್ತು ನಮ್ಮ ತಪಸ್ಸಿನ ಕಾಲ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮ್ಮವರು ಪ್ರೀತಿಯ ವಸ್ತು ಒಂದನ್ನು ಬಿಡುತ್ತಾರೆ. ಕೆಲವರು ಮಾಂಸ, ಕೆಲವರು ಸಿಹಿ, ನನ್ನ ಗಂಡ ಕಷ್ಟವಿಲ್ಲದ್ದನ್ನು ಹುಡುಕಿ ಪ್ರತಿವರ್ಷ ಹಾಗಲಕಾಯಿ ಬಿಡುತ್ತಾರೆ. ನಾನು ಬಿಡುವುದು ಕಾಫಿ. ಕಾಫಿಯಿಲ್ಲದ ನಾನು ಹೇಗಿರುತ್ತೇನೆಂದು ಮನೆಯವರನ್ನೇ ಕೇಳಬೇಕು. ಹಗಲು ರೆಹೆಮಾ ನೀರೂ ಕುಡಿಯದೆ, ನಾನು ಕಾಫಿ ಕುಡಿಯದೆ, ಇಬ್ಬರೂ ತಲೆ ಹಿಡಿದುಕೊಂಡು ಒಂದೇ ಕಾರಿನಲ್ಲಿ ರಾಜಧಾನಿ ಮನಾಮಾ ಸುತ್ತಿದೆವು.

ಕಾರು ಓಡಿಸುತ್ತಿದ್ದವರು ಹಮೀದಾಕ. ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಮೊದಲೇ ಬಹ್ರೈನಿಗೆ ಬಂದವರು, ಗುದೈಬಿಯಾದ ಪ್ರತಿ ಚಹಾದಂಗಡಿಯಲ್ಲೂ ಅವರಿಗೆ ಒಬ್ಬ ಭಾವನೋ ಅಳಿಯನೋ ಇದ್ದಾನೆ. ಊರಿನ ಹಾಗೆ ನನ್ನನ್ನು ಬಾಯಮ್ಮ ಎಂದೇ ಕರೆಯುತ್ತಾರೆ. ಪ್ರತಿ ಕಟ್ಟಡದಿಂದ ನಾವು ಇಳಿದು ಬರುವಾಗ ಮುಖ ನೋಡಿಯೇ ಅವರಿಗೆ ಗೊತ್ತಾಗುತ್ತಿತ್ತು. "ಇನ್ಶಾ ಅಲ್ಲಾ ಅಂದ್ರಾ?" ದೇವರು ಇಚ್ಛಿಸಿದರೆ ಎಂಬ ಆ ಮಾತು ಇಲ್ಲಿ ಎಷ್ಟೋ ಸಲ ನಯವಾದ 'ಇಲ್ಲ'.

"ಅಂದ್ರು."

"ಹಾಗಾದ್ರೆ ಇನ್ನೊಂದು ಕಡೆ ಹೋಗುವ."

ರಂಜಾನ್‌ನಲ್ಲಿ ಈ ಊರಿನ ಕೈ ಬಹಳ ದೊಡ್ಡದು. ಕೊಡುವವರಿಗೆ ಬರವಿರಲಿಲ್ಲ. ಬಾವಿ ತೋಡಿಸುತ್ತೇವೆ ಅಂದರು, ಅಕ್ಕಿ ಕಳಿಸುತ್ತೇವೆ ಅಂದರು. ಒಬ್ಬರು ಕೂತಲ್ಲೇ ಮಸೀದಿ ಕಟ್ಟಿಸಲು ಹೊರಟರು. ಆದರೆ ಸಂಶೋಧನೆ? ಅದು ಏನು, ಅದರ ಮೇಲೆ ನಮ್ಮ ಹೆಸರಿನ ಕಲ್ಲನ್ನು ಎಲ್ಲಿ ಕೂರಿಸುವುದು? ಗೊತ್ತಿದ್ದನ್ನು ಕೊಡಲು ಎಲ್ಲರೂ ಸಿದ್ಧ, ಗೊತ್ತಿಲ್ಲದ್ದನ್ನು ಹುಡುಕಲು ಕೊಡುವವರಿಲ್ಲ. ರೆಹೆಮಾ ಪ್ರತಿ ಕಡೆಯೂ ಮೊದಲಿನಿಂದ, ಅದೇ ಉತ್ಸಾಹದಿಂದ ಹೇಳುತ್ತಿದ್ದಳು. ದಿನ ಕಳೆದಂತೆ ಅವಳ ದನಿ ಸಣ್ಣದಾಯಿತು. ಸಂಜೆ ಉಪವಾಸ ಬಿಟ್ಟ ಮೇಲೆ ಅಮ್ಮನಿಗೆ ಫೋನ್ ಮಾಡುವುದನ್ನೂ ತಪ್ಪಿಸತೊಡಗಿದಳು. "ಎಂದು ಬರುತ್ತೀ ಅಂತ ಕೇಳುತ್ತಾಳೆ" ಎಂದು ಒಮ್ಮೆ ಹೇಳಿ ಗೋಡೆಯ ಕಡೆ ತಿರುಗಿ ಕೂತಳು. ನಾನು ಅವಳ ಬೆನ್ನು ಸವರಿದೆ.

ಸೇತುವೆಯಾಚೆಯ ಮುಹರ್ರಕ್‌ನ ಬೂ ಖಾಲಿದ್ ಅವರ ಮನೆಗೆ ಹೋಗೋಣ ಎಂದದ್ದು ಹಮೀದಾಕ. ಖಾಲಿದನ ತಂದೆ ಎಂದು ಅದರ ಅರ್ಥ. ಇಲ್ಲಿ ಹಿರಿಯರನ್ನು ಹಾಗೆಯೇ ಕರೆಯುವುದು. ಹಳೆಯ ವ್ಯಾಪಾರಿ ಮನೆತನ. ರಂಜಾನ್ ಸಂಜೆಗಳಲ್ಲಿ ಅವರ ಮಜ್ಲಿಸ್, ಅಂದರೆ ಅತಿಥಿಗಳು ಕೂರುವ ದೊಡ್ಡ ಕೋಣೆ, ಬಂದವರಿಗೆಲ್ಲ ತೆರೆದಿರುತ್ತದೆ. "ಅಲ್ಲಿ ಹೋಗಿ ಸುಮ್ಮನೆ ಸಲಾಂ ಹೇಳಿ ಕೂತುಕೊಳ್ಳುದು ಬಾಯಮ್ಮ. ಮೊದಲ ದಿನವೇ ಎಂತ ಸಾ ಕೇಳ್ಲಿಕ್ಕಿಲ್ಲ. ಎರಡು ಮೂರು ಸಲ ಹೋದ ಮೇಲೆ ಅವರೇ ಕೇಳ್ತಾರೆ." ಈ ರೀತಿ ನನಗೆ ಬಹಳ ಹಿಡಿಸಿತು. ಅಮ್ಮ ಇದ್ದಿದ್ದರೆ ಅವಳಿಗೂ ಹಿಡಿಸುತ್ತಿತ್ತು.

ಹೊರಟ ಸಂಜೆ ಮಳೆ ಬಂತು. ಬಹ್ರೈನಿನ ಮಳೆ ವರ್ಷಕ್ಕೆ ನಾಲ್ಕು ದಿನದ ನೆಂಟ, ಬಂದರೆ ಊರೇ ತಬ್ಬಿಬ್ಬು. ನೀರು ಹರಿದುಹೋಗಲು ದಾರಿಯಿಲ್ಲದೆ ರಸ್ತೆಗಳೆಲ್ಲ ಕೆರೆಯಾಗಿದ್ದವು. ಸೇತುವೆಯ ಮೇಲೆ ಕಾರುಗಳು ಇರುವೆ ಸಾಲಿನ ಹಾಗೆ ಸರಿಯುತ್ತಿದ್ದವು. ಮಕ್ಕಳು ಕಿಟಕಿಯಿಂದ ಕೈ ಹೊರಗೆ ಚಾಚಿ ಕೂಗುತ್ತಿದ್ದರು. ರೆಹೆಮಾ ಮಾತ್ರ ಮಡಿಲಲ್ಲಿ ಕೈಯಿಟ್ಟುಕೊಂಡು ಗಾಜಿನ ಮೇಲೆ ಇಳಿಯುವ ನೀರನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದುದು ಈ ಮಳೆಯನ್ನಲ್ಲ ಎಂದು ನನಗೆ ಗೊತ್ತಿತ್ತು.

ಮಜ್ಲಿಸಿನಲ್ಲಿ ಗೋಡೆಗೆ ತಾಗಿ ಸುತ್ತಲೂ ಕೂರುವ ಹಾಸು. ಏಳೆಂಟು ಹಿರಿಯರು, ಮೇಲುಗಡೆ ಬೂ ಖಾಲಿದ್. ಬಿಳಿ ಗಡ್ಡ, ಮೊಣಕಾಲ ಮೇಲೆ ಕೋಲು. ನಮ್ಮ ಜೊತೆ ಹಮೀದಾಕನನ್ನೂ ಕೈಹಿಡಿದು ಕೂರಿಸಿದರು. ಬೂ ಖಾಲಿದ್ ಹುಡುಗರಾಗಿದ್ದಾಗ ತಂದೆಯ ಜೊತೆ ಮುಂಬಯಿಯಲ್ಲಿ ವ್ಯಾಪಾರಕ್ಕಿದ್ದವರಂತೆ. ನನ್ನೊಡನೆ ಸೊಗಸಾದ ಮುಂಬಯಿ ಹಿಂದಿಯಲ್ಲಿ ಮಾತಾಡಿ ಮಂಗಳೂರಿನ ಹೆಂಚಿನ ಕ್ಷೇಮ ವಿಚಾರಿಸಿದರು. ಅಷ್ಟರಲ್ಲಿ ಗಹ್ವಾ ಬಂತು. ಏಲಕ್ಕಿ, ಕೇಸರಿ ಹಾಕಿದ ಅರಬ್ಬಿ ಕಾಫಿ. ಹಿಡಿಯಿಲ್ಲದ ಪುಟ್ಟ ಬಟ್ಟಲು ನನ್ನ ಬಲಗೈಗೆ ಬಂತು. ಅದರ ಪರಿಮಳಕ್ಕೆ ನನ್ನ ತಪಸ್ಸು ಬುಡಸಮೇತ ಅಲ್ಲಾಡಿತು. ಬೇಡ ಅಂದರೆ ಮನೆಯವರಿಗೆ ಅವಮಾನ, ಕುಡಿದರೆ ದೇವರಿಗೆ. ಎರಡೂ ಬೇಡವೆಂದು ಬಟ್ಟಲನ್ನು ಮೆಲ್ಲಗೆ ನನ್ನ ಮುಂದಿನ ರತ್ನಗಂಬಳಿಯ ಮೇಲೆ ಇಟ್ಟುಬಿಟ್ಟೆ.

ಒಬ್ಬೊಬ್ಬರಾಗಿ ಎಲ್ಲರೂ ಆ ಬಟ್ಟಲನ್ನು ನೋಡಿದರು. ಹಮೀದಾಕ ನನ್ನ ಕಡೆ ಬಾಗಿ, ತುಟಿ ಅಲುಗದ ಹಾಗೆ ಹೇಳಿದರು. "ಬಾಯಮ್ಮ, ಕಪ್ ಯಾಕೆ ಕೆಳಗಿಟ್ರಿ ಮಾರಾಯ್ರೆ? ಕುಡಿಯದೆ ಕೆಳಗಿಟ್ರೆ ಎಂತ ಗೊತ್ತುಂಟಾ? ನನಗೊಂದು ಕೆಲಸ ಆಗ್ಬೇಕು, ಆಗ್ತದೆ ಅಂತ ನೀವು ಹೇಳುವವರೆಗೆ ಕುಡಿಯುದಿಲ್ಲ ಅಂತ!"

ನನ್ನ ಕಿವಿಯವರೆಗೂ ಬಿಸಿಯಾಯಿತು. ಚಕ್ಕುಲಿಯನ್ನೂ ಬೇಡವೆಂದವಳು ಮೊದಲ ಭೇಟಿಯಲ್ಲೇ ಮನೆಯ ಯಜಮಾನನ ಕುತ್ತಿಗೆಯ ಮೇಲೆ ಕೂತಿದ್ದೆ!

ಬೂ ಖಾಲಿದ್ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ನೆಟ್ಟಗೆ ಕೂತಿದ್ದರು. "ನನ್ನ ಅಜ್ಜನ ಕಾಲದಲ್ಲಿ ಹೀಗೆ ಬಟ್ಟಲು ಇಡುತ್ತಿದ್ದರು. ಈಗಿನ ನಮ್ಮ ಮಕ್ಕಳಿಗೇ ಇದು ಗೊತ್ತಿಲ್ಲ. ಹೇಳು ಬೇಟಿ, ಏನಾಗಬೇಕು?"

ಸುಮ್ಮನೆ ಹೇಳಿಬಿಡಬಹುದಿತ್ತು. ಆದರೆ ಗೊತ್ತಿಲ್ಲದೆ ಇಟ್ಟ ಬಟ್ಟಲಿನ ಮೇಲೆ ಕೇಳುವುದು ನನ್ನಿಂದ ಆಗಲಿಲ್ಲ. ಇದು ನಮ್ಮ ತಪಸ್ಸಿನ ಕಾಲ, ಕಾಫಿ ಬಿಟ್ಟಿದ್ದೇನೆ, ನಿಮ್ಮ ಪದ್ಧತಿ ತಿಳಿಯದೆ ಕೆಳಗಿಟ್ಟೆ, ತಪ್ಪು ತಿಳಿಯಬೇಡಿ ಎಂದೆ. ಕೋಣೆಯೆಲ್ಲ ನಕ್ಕಿತು. ಅವರೂ ನಕ್ಕರು. ನಗು ನಿಂತ ಮೇಲೆ ಕೋಲಿನ ತುದಿಯಿಂದ ಬಟ್ಟಲಿನ ಕಡೆ ತೋರಿಸಿದರು.

"ಹಾಗಾದರೆ ನೀನೂ ಉಪವಾಸ, ನಾವೂ ಉಪವಾಸ. ಆದರೂ ಬಟ್ಟಲು ಕೆಳಗೆ ಇದೆಯಲ್ಲ. ನೀನು ಯಾಕೆ ಇಟ್ಟೆ ಅಂತ ಅದಕ್ಕೇನು ಗೊತ್ತು? ಹೇಳು."

ನಾನು ರೆಹೆಮಾಳ ಕಡೆ ನೋಡಿದೆ. ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಾನು ಹಿಂದಿಗೆ ತಿರುಗಿಸುತ್ತಾ ಹೋದೆ. ಮೀನು, ಮರಳು, ಮಳೆ, ಹುಳ, ಅಮ್ಮ. ಬೂ ಖಾಲಿದ್ ಕೇಳಿದರು, "ಇಷ್ಟು ಕಾಲದಿಂದ ಒಣಗಿಸುತ್ತಾರೆ. ಅವರಿಗೇ ಗೊತ್ತಿಲ್ಲವೇ?"

"ಬಿಸಿಲಿನಲ್ಲಿ ಒಣಗಿಸುವುದು ಅಮ್ಮನಿಗೆ ಗೊತ್ತು" ಎಂದಳು ರೆಹೆಮಾ. "ಮಳೆಯಲ್ಲಿ ಒಣಗಿಸುವುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿದೆ ಎಂದು ಸುಳ್ಳು ಹೇಳಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಕೊಡುತ್ತಿದ್ದರು. ಅದಕ್ಕೇ ಅವರ ಜೊತೆ ಕೂತು ನೋಡಬೇಕು."

ಹೊರಗೆ ಮಳೆ ಸಣ್ಣದಾಗಿ ಬೀಳುತ್ತಲೇ ಇತ್ತು. ಬೂ ಖಾಲಿದ್ ತಲೆಯೆತ್ತಿ ಮಾಡನ್ನು ನೋಡಿದರು. ನಾವೂ ನೋಡಿದೆವು. ಒತ್ತಾಗಿ ಜೋಡಿಸಿದ ಕಪ್ಪು ಮರದ ತೊಲೆಗಳು.

"ಈ ಮರ ಈ ನೆಲದ್ದಲ್ಲ. ನನ್ನ ಅಜ್ಜನ ಹಡಗು ಇವಳ ಕರಾವಳಿಯಿಂದ ತಂದದ್ದು. ಮುಹರ್ರಕ್‌ನ ಹಳೆಯ ಮನೆಗಳೆಲ್ಲ ಅಲ್ಲಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಕೆಳಗೇ ಮಲಗಿದವು" ಎಂದರು. ಕಣ್ಣನ್ನು ರೆಹೆಮಾಳ ಕಡೆ ಇಳಿಸಿ, "ಅಲ್ಲಿ ಮಳೆ ಬಂದರೆ ಅವರೇನು ಮಾಡುತ್ತಾರೆಂದು ನಾವು ಒಂದು ದಿನವೂ ಕೇಳಲಿಲ್ಲ" ಎಂದರು.

ಕೊಡುತ್ತೇನೆ ಎನ್ನಲಿಲ್ಲ. ಮಗನ ಜೊತೆ ಮಾತಾಡಬೇಕು, ವ್ಯವಹಾರ ಈಗ ಅವನ ಕೈಯಲ್ಲಿದೆ ಎಂದರು. ನಾನು ಬಟ್ಟಲಿನ ಕಡೆ ನೋಡಿದ್ದು ಕಂಡು, "ಅದನ್ನು ನಿನ್ನ ಹಬ್ಬ ಆದ ಮೇಲೆ ಬಂದು ಕುಡಿ" ಎಂದರು.

ಆಮೇಲಿನ ದಿನಗಳು ಹೇಗೆ ಹೋದವೋ! ಫೋನ್ ಇಲ್ಲ, ಮೇಲ್ ಇಲ್ಲ. ಮಂಜುನಾಥ ಸರ್, "ಮಜ್ಲಿಸ್‌ನ್ಯಾಗ ಆಡಿದ ಮಾತು ಮಜ್ಲಿಸ್‌ನ್ಯಾಗ ಉಳೀತೈತಿ, ಭಾಳ ಆಸೆ ಇಟ್ಕೋಬ್ಯಾಡ್ರಿ" ಎಂದರು. ಅವರ ಮೇಜಿನ ಮೇಲೆ ಒಂದೇ ಒಂದು ಫೈಲ್ ಮುಚ್ಚದೆ ಉಳಿದಿತ್ತು, ಅದು ನಮ್ಮದು. ರೆಹೆಮಾ ಪೆಟ್ಟಿಗೆ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಈದ್ ರಜೆಗೆ ಮುಂಚಿನ ಕೊನೆಯ ದಿನ, ಅರ್ಧ ಆಫೀಸು ಖಾಲಿಯಾದ ಮೇಲೆ, ಬೂ ಖಾಲಿದ್ ಅವರ ಮಗ ತಾವೇ ಬಂದರು. ಅವರ ವ್ಯಾಪಾರ ಸಂಸ್ಥೆ ಉಳಿದರ್ಧವನ್ನು ಪೂರ್ತಿ ಕೊಡುವುದೆಂದು ಸಹಿ ಮಾಡಿದರು.

"ಹೆಸರಿನ ಕಲ್ಲು ಎಲ್ಲಿ ಹಾಕಿಸಬೇಕು?" ಮಂಜುನಾಥ ಸರ್ ಅಭ್ಯಾಸಬಲದಿಂದ ಕೇಳಿದರು.

"ಕಲ್ಲು ಬೇಡವಂತೆ" ಎಂದರು ಮಗ ನಗುತ್ತ. "ಮಳೆಯಲ್ಲಿ ಒಣಗಿದ ಮೀನನ್ನು ತಂದು ತೋರಿಸಬೇಕಂತೆ. ಅಪ್ಪನದು ಅಷ್ಟೇ ಷರತ್ತು."

ರೆಹೆಮಾ ಅಲ್ಲೇ ನೆಲದ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದಳು. ಸ್ವಾಹಿಲಿಯಲ್ಲಿ ಏನೇನೋ ಹೇಳಿದಳು. ನನಗೆ ತಿಳಿದದ್ದು ಮಸಿಕಾ ಎಂಬ ಒಂದೇ ಶಬ್ದ. ಅಷ್ಟು ಸಾಕಾಗಿತ್ತು. ಮಂಜುನಾಥ ಸರ್ ಕನ್ನಡಕ ಒರೆಸುವ ನೆಪದಲ್ಲಿ ಕಿಟಕಿಯ ಹತ್ತಿರ ಹೋಗಿ ನಿಂತರು.

ಅವಳು ಹೋದಳು, ಮಳೆಗೆ ಮುಂಚೆಯೇ ತಲುಪಿದಳು. ಈಸ್ಟರ್ ಮುಗಿಸಿ ನಾನು ಮುಹರ್ರಕ್‌ಗೆ ಹೋದಾಗ ಬೂ ಖಾಲಿದ್ ಚಿಕಿತ್ಸೆಗೆಂದು ಪರದೇಶಕ್ಕೆ ಹೋಗಿದ್ದರು. ನನ್ನ ಬಟ್ಟಲು ಬಾಕಿಯೇ ಉಳಿಯಿತು. ದೊಡ್ಡ ಮಳೆ ಮುಗಿದು, ವರ್ಷದ ಕೊನೆಯ ಸಣ್ಣ ಮಳೆಯೂ ಮುಗಿದ ಮೇಲೆ ರೆಹೆಮಾಳ ದನಿಯ ಸಂದೇಶ ಬಂತು. "ಎರಡು ಬಗೆಯ ಅಟ್ಟಣಿಗೆ ಸೋತವು. ಅದನ್ನೇ ಮೊದಲು ಹೇಳುತ್ತಿದ್ದೇನೆ. ಒಂದು ಗೆದ್ದಿತು. ಅಮ್ಮನ ಮೀನನ್ನು ನಿಮ್ಮ ಸರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಪಾಪ, ಅವರು ಮೂಗು ಮುಚ್ಚಿಕೊಂಡೇ ದಿನವಿಡೀ ನಮ್ಮ ಜೊತೆ ಕೂತಿದ್ದರು."

ಆ ಪೊಟ್ಟಣ ಹಿಡಿದು ನಿನ್ನೆ ಸಂಜೆ ಹಮೀದಾಕನ ಜೊತೆ ಬೂ ಖಾಲಿದ್ ಅವರ ಮನೆಗೆ ಹೋದೆ. ಬಾಗಿಲಲ್ಲೇ ಮಗ ಸಿಕ್ಕಿ, "ಅಪ್ಪನಿಗೆ ಈಗ ಮುಖಗಳು ನೆನಪಿರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ" ಎಂದರು. ಹಾಗೆಯೇ ಆಯಿತು. ಬೂ ಖಾಲಿದ್ ನನ್ನನ್ನು ನೋಡಿ ಎಲ್ಲ ಅತಿಥಿಗಳಿಗೂ ನಗುವ ಹಾಗೆ ನಕ್ಕರು. ಬಹಳ ಸಣ್ಣಗಾಗಿದ್ದರು. ಮಂಗಳೂರಿನ ಹೆಂಚನ್ನು ಕೇಳಲಿಲ್ಲ. ರೆಹೆಮಾಳ ಹೆಸರು ಹೇಳಿದೆ, ಮೀನು ಎಂದೆ. ತಲೆಯಾಡಿಸಿದರು, ಆದರೆ ಕಣ್ಣು ಬೇರೆಲ್ಲೋ ಇತ್ತು. ಅಷ್ಟು ದೂರದಿಂದ ಬಂದ ಮೀನು ಯಾರಿಗೂ ತಲುಪದೆ ನನ್ನ ಮಡಿಲಲ್ಲೇ ಉಳಿಯಿತು.

ಗಹ್ವಾ ಬಂತು. ತಪಸ್ಸಿನ ಕಾಲಕ್ಕೆ ಇನ್ನೂ ದಿನಗಳಿದ್ದವು, ಕುಡಿಯಲು ಅಡ್ಡಿಯಿರಲಿಲ್ಲ. ಬಟ್ಟಲನ್ನು ತೆಗೆದುಕೊಂಡೆ. ತುಟಿಗೆ ತಾಗಿಸದೆ, ಅವರಿಗೆ ಕಾಣುವ ಹಾಗೆ, ರತ್ನಗಂಬಳಿಯ ಮೇಲಿಟ್ಟೆ. ಪಕ್ಕದಲ್ಲಿ ಹಮೀದಾಕ ಉಸಿರು ಬಿಗಿಹಿಡಿದರು.

ಬೂ ಖಾಲಿದ್ ಬಟ್ಟಲನ್ನು ನೋಡಿದರು. ಕೋಲೂರಿ ನೆಟ್ಟಗೆ ಕೂತರು. ಬೇರೆಲ್ಲೋ ಇದ್ದ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಹೇಳು ಬೇಟಿ, ಏನಾಗಬೇಕು?"

ಜೀವಮಾನವಿಡೀ ಕೇಳಲು ನಾಚಿದವಳು ಬಾಯಿಬಿಟ್ಟು ಕೇಳಿದೆ. "ಇದನ್ನು ನೀವು ತೆಗೆದುಕೊಳ್ಳಬೇಕು."

ಪೊಟ್ಟಣ ಬಿಚ್ಚಿ ಅವರ ಕೈಗೆ ಕೊಟ್ಟೆ. ಒಂದು ಮೀನನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಆಮೇಲೆ ಎರಡು ಬೆರಳಿನ ನಡುವೆ ಒತ್ತಿದರು. ಬಾಗಲಿಲ್ಲ. ಟಕ್ಕೆಂದು ಮುರಿಯಿತು. ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

ಅವರು ಆ ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಮೇಲೆ ಮಾಡನ್ನು ನೋಡಿದರು.

"ಗಹ್ವಾ ಕುಡಿ ಬೇಟಿ" ಎಂದರು. "ನಿನ್ನ ಮಾತು ನಡೆಯಿತು."

ತಣ್ಣಗಾಗಿತ್ತು. ಒಂದು ಹನಿಯೂ ಬಿಡದೆ ಕುಡಿದೆ.